ಕಾಲಡಿಯ ಒಪ್ಪಂದ

ಕಾರು ಕಲಿಯಲು ಬಂದವರಿಗೆ ಡ್ರೈವಿಂಗ್ ಸ್ಕೂಲಿನಲ್ಲಿ ಮೊದಲ ದಿನ ಸಿಗುವ ಪಾಠ ಮೂರೇ ಅಕ್ಷರದ್ದು. ಬಲದಿಂದ ಎಡಕ್ಕೆ ಎ, ಬಿ, ಸಿ. ಅಂದರೆ ಆಕ್ಸಿಲರೇಟರ್, ಬ್ರೇಕ್, ಕ್ಲಚ್. ಬಲಗಾಲಿಗೆ ಮೊದಲ ಎರಡು, ಎಡಗಾಲಿಗೆ ಕೊನೆಯದು. ಬಗ್ಗಿ ನೋಡಬಾರದು, ಕಾಲೇ ಹುಡುಕಿಕೊಳ್ಳಬೇಕು. ಇಷ್ಟು ಹೇಳಿ ಮೇಷ್ಟ್ರು ಗಾಡಿ ಸ್ಟಾರ್ಟ್ ಮಾಡಿಸುತ್ತಾರೆ. ಯಾಕೆ ಇದೇ ಕ್ರಮ ಎಂದು ಕಲಿಯುವವರು ಕೇಳುವುದಿಲ್ಲ, ಕಲಿಸುವವರು ಹೇಳುವುದೂ ಇಲ್ಲ. ಸೂರ್ಯ ಪೂರ್ವದಲ್ಲಿ ಹುಟ್ಟುವಷ್ಟು ಸಹಜ ಎನ್ನುವಂತೆ ಪಾಠ ಮುಂದಕ್ಕೆ ಸಾಗುತ್ತದೆ. ಆದರೆ ಮೋಟಾರು ಕಾರು ಹುಟ್ಟಿದ ಮೇಲೆ ಸುಮಾರು ನಲವತ್ತು ವರ್ಷ ಈ ವಿಷಯದಲ್ಲಿ ಒಬ್ಬೊಬ್ಬ ತಯಾರಕನದೂ ಒಂದೊಂದು ದಾರಿಯಾಗಿತ್ತು. ಇವತ್ತಿನ ನುರಿತ ಚಾಲಕನನ್ನು 1910ರ ಒಂದು ಫೋರ್ಡ್ ಕಾರಿನಲ್ಲಿ ಕೂರಿಸಿದರೆ, ನಿಲ್ಲಿಸಲು ಹೋಗಿ ನಡುವಿನ ಪೆಡಲ್ ಒತ್ತಿ ರಿವರ್ಸ್ ಹಾಕಿಬಿಡುತ್ತಾನೆ. ಹಾಗಾಗಿ ಕಾಲಡಿಯ ಈ ಸಾಲನ್ನು ಒಂದು ರೂಢಿ ಎಂದೇ ನೋಡಬೇಕು ಎಂಬುದು ಇಲ್ಲಿನ ವಾದ. ಹೊಸ ಚಾಲಕರಿಗೆ ಹೇಳುವ ಜಾಗ್ರತೆಯ ಮಾತುಗಳಲ್ಲಿ ಹೆಚ್ಚಿನವು ಈ ರೂಢಿ ನಡೆದು ಬಂದ ದಾರಿಯಲ್ಲೇ ಹುಟ್ಟಿದವು. ಅವುಗಳಲ್ಲಿ ಯಾವುದು ಬರೀ ರೂಢಿ, ಯಾವುದಕ್ಕೆ ಗಟ್ಟಿ ಕಾರಣವಿದೆ ಎಂದು ಬಿಡಿಸಿಕೊಳ್ಳದೆ ಹೋದರೆ, ಕಾಲ ಮುಗಿದ ಮಾತನ್ನು ಬಿಗಿಯಾಗಿ ಹಿಡಿದುಕೊಂಡು ಬಿಡಬಾರದ್ದನ್ನು ಬಿಟ್ಟುಬಿಡುತ್ತೇವೆ.

ಮೊದಲ ಕಾರುಗಳಲ್ಲಿ ಕಾಲಿಗೆ ಹೆಚ್ಚು ಕೆಲಸವೇ ಇರಲಿಲ್ಲ. 1886ರಲ್ಲಿ ಕಾರ್ಲ್ ಬೆಂಜ್ ಪೇಟೆಂಟ್ ಪಡೆದ ಮೂರು ಚಕ್ರದ ಗಾಡಿಯಲ್ಲಿ ತಿರುಗಿಸುವುದಕ್ಕೂ ಕೈ, ಓಡಿಸುವುದಕ್ಕೂ ನಿಲ್ಲಿಸುವುದಕ್ಕೂ ಕೈ. ಎತ್ತಿನ ಗಾಡಿಯಲ್ಲಿ ಹಗ್ಗ, ಚಾವಟಿ, ಬಾಯಿಮಾತು ಸೇರಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಕೋಲುಗಳು ವಹಿಸಿಕೊಂಡಿದ್ದವು, ಅಷ್ಟೆ. (ಗಾಡಿ ಹೊಡೆಯುವವನು ಕಾಲಿನ ಹೆಬ್ಬೆರಳಿನಿಂದ ಎತ್ತನ್ನು ತಿವಿದು ಓಡಿಸುವುದನ್ನು ಆಕ್ಸಿಲರೇಟರಿನ ಪೂರ್ವಜ ಎನ್ನಬಹುದೇನೋ.) 1888ರ ಆಗಸ್ಟಿನಲ್ಲಿ ಬೆಂಜ್‌ನ ಹೆಂಡತಿ ಬೆರ್ಥಾ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಓಡಿಸಿಕೊಂಡು ಹೋದಳು. ಇಳಿಜಾರುಗಳಲ್ಲಿ ಮರದ ಬ್ರೇಕ್ ತುಂಡುಗಳು ಉಜ್ಜಿ ಉಜ್ಜಿ ಸವೆದುಹೋದವು. ಆಕೆ ದಾರಿಯಲ್ಲಿ ಸಿಕ್ಕ ಚಮ್ಮಾರನೊಬ್ಬನಿಂದ ಅವಕ್ಕೆ ಚರ್ಮ ಹೊಡೆಸಿಕೊಂಡಳು. ಇವತ್ತು ಗ್ಯಾರೇಜಿನವರು ‘ಲೈನರ್ ಹೋಗಿದೆ’ ಎನ್ನುತ್ತಾರಲ್ಲ, ಆ ಲೈನರಿನ ಮೂಲ ಆ ಚರ್ಮದ ಪಟ್ಟಿ. ಓಡುವ ಯಂತ್ರ ಮೊದಲು ಬಂತು, ಅದನ್ನು ನಿಲ್ಲಿಸುವ ವಿದ್ಯೆ ಹಿಂದಿನಿಂದ ಓಡೋಡಿ ಬಂದು ಸೇರಿಕೊಂಡಿತು.

ಕಾಲಿಗೆ ಕೆಲಸ ಬಿದ್ದದ್ದು ಗೇರುಗಳು ಹೆಚ್ಚಾದಾಗ. 1891ರ ಹೊತ್ತಿಗೆ ಫ್ರಾನ್ಸಿನ ಪನಾರ್-ಲೆವಾಸೋರ್ ಕಾರು ಎಂಜಿನ್ನನ್ನು ಮುಂದಕ್ಕೆ ತಂದು, ಹಲ್ಲುಚಕ್ರಗಳನ್ನು ಕೋಲಿನಿಂದ ಸರಿಸುವ ಗೇರ್‌ಬಾಕ್ಸ್ ಇಟ್ಟಿತು. ಒಂದು ಕೈ ಸ್ಟೀರಿಂಗಿಗೆ, ಇನ್ನೊಂದು ಗೇರಿಗೆ ಹೋದ ಮೇಲೆ ಕ್ಲಚ್ಚಿಗೆ ಉಳಿದದ್ದು ಕಾಲು. ಆಕ್ಸಿಲರೇಟರಿನ ಕಥೆ ಇನ್ನೂ ವಿಚಿತ್ರವಾಗಿದೆ. ಆಗಿನ ಹಲವು ಎಂಜಿನ್‌ಗಳಿಗೆ ಗವರ್ನರ್ ಎಂಬ ಕಡಿವಾಣ ಇರುತ್ತಿತ್ತು, ಅದು ಎಂಜಿನ್ನನ್ನು ಗೊತ್ತುಪಡಿಸಿದ ವೇಗ ಮೀರದಂತೆ ತಡೆದಿಡುತ್ತಿತ್ತು. ಏರು ಸಿಕ್ಕಾಗಲೋ ಅವಸರವಿದ್ದಾಗಲೋ ಆ ಕಡಿವಾಣವನ್ನು ಕ್ಷಣಕಾಲ ಸಡಿಲಿಸಲು ಒಂದು ಸಣ್ಣ ಪೆಡಲ್ ಇಟ್ಟರು. ವೇಗ ಹೆಚ್ಚಿಸುವುದೊಂದೇ ಅದರ ಕೆಲಸವಾದ್ದರಿಂದ ಹೆಸರೂ ಅದೇ ಆಯಿತು. ಆಮೇಲೆ ಗವರ್ನರ್ ಹೋಯಿತು, ಪೆಡಲ್ ಉಳಿಯಿತು. ಯಾವಾಗಲೋ ಒಮ್ಮೆ ಒತ್ತಬೇಕಾಗಿದ್ದದ್ದು ಸದಾ ಕಾಲಡಿ ಇರುವಂತಾಯಿತು. ಈ ಮೂರೂ ಒಬ್ಬನೇ ಎಂಜಿನಿಯರ್ ಒಂದೇ ಮೇಜಿನ ಮೇಲೆ ಬಿಡಿಸಿದ ನಕ್ಷೆಯಿಂದ ಬಂದವಲ್ಲ. ಬೇರೆ ಬೇರೆ ತೊಂದರೆಗೆ ಬೇರೆ ಬೇರೆ ಹೊತ್ತಿನಲ್ಲಿ ಬಂದ ನೆಂಟರು, ಕೊನೆಗೆ ಒಂದೇ ಜಗಲಿಯಲ್ಲಿ ಕೂತರು.

ಜಗಲಿಯಲ್ಲಿ ಯಾರು ಎಲ್ಲಿ ಕೂರಬೇಕೆಂಬ ತಕರಾರು ಎಷ್ಟು ದಿನ ಎಳೆಯಿತು ಎನ್ನುವುದಕ್ಕೆ ಫೋರ್ಡ್ ಮಾಡೆಲ್ ಟಿ ಒಳ್ಳೆಯ ಸಾಕ್ಷಿ. 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾದ ಕಾರು ಅದು. ಅದರಲ್ಲೂ ಮೂರು ಪೆಡಲ್‌ಗಳಿದ್ದವು, ಮೇಲೆ ಸಿ, ಆರ್, ಬಿ ಎಂದು ಅಕ್ಷರವೂ ಇತ್ತು. ಎಡಗಡೆಯದನ್ನು ಪೂರ್ತಿ ಒತ್ತಿದರೆ ನಿಧಾನದ ಗೇರು, ಅರ್ಧಕ್ಕೆ ಹಿಡಿದರೆ ನ್ಯೂಟ್ರಲ್. ಪಕ್ಕದ ಕೈಕೋಲನ್ನು ಮುಂದೆ ತಳ್ಳಿ ಪೆಡಲ್ ಪೂರ್ತಿ ಬಿಟ್ಟರೆ ವೇಗದ ಗೇರು. ನಡುವಿನದು ರಿವರ್ಸ್, ಬಲಗಡೆಯದು ಬ್ರೇಕ್. ಹಾಗಾದರೆ ಆಕ್ಸಿಲರೇಟರ್ ಎಲ್ಲಿ? ಸ್ಟೀರಿಂಗಿನ ಕೆಳಗೆ ಬಲಕ್ಕೆ ಒಂದು ಸಣ್ಣ ಕೋಲಾಗಿತ್ತು. ಬೆರಳಿನಿಂದ ಎಲ್ಲಿಗೆ ಸರಿಸಿದರೆ ಅಲ್ಲೇ ನಿಲ್ಲುತ್ತಿತ್ತು, ಬಿಟ್ಟರೆ ಹಿಂದಕ್ಕೆ ಬರುತ್ತಿರಲಿಲ್ಲ. ಎದುರಿಗೆ ದನ ಅಡ್ಡ ಬಂತು ಎಂದುಕೊಳ್ಳಿ. ಚಾಲಕ ಎಡಗಾಲನ್ನು ಅರ್ಧಕ್ಕೆ ಒತ್ತಿ, ಬಲಗಾಲಿನಿಂದ ಬ್ರೇಕ್ ತುಳಿದು, ಜೊತೆಗೇ ಬಲಗೈ ಬೆರಳಿನಿಂದ ಆ ಕೋಲನ್ನು ಮೇಲಕ್ಕೆ ತಳ್ಳಬೇಕು. ಮೂರನೆಯದನ್ನು ಮರೆತರೆ ಎಂಜಿನ್ ತನ್ನ ಪಾಡಿಗೆ ಅಬ್ಬರಿಸುತ್ತಲೇ ಇರುತ್ತದೆ. ಅರ್ಧ ಅಮೆರಿಕ ಗಾಡಿ ಕಲಿತದ್ದು ಹೀಗೆ, ಅವರಿಗೆ ಇದೇ ಸಹಜವಾಗಿತ್ತು.

ಇವತ್ತಿನ ಸಾಲನ್ನು ಜೋಡಿಸಿದ ಮೊದಲಿಗರಲ್ಲಿ 1916ರ ಕ್ಯಾಡಿಲಾಕ್ ಟೈಪ್ 53 ಹೆಸರು ಬರುತ್ತದೆ. ಎಡಕ್ಕೆ ಕ್ಲಚ್, ನಡುವೆ ಬ್ರೇಕ್, ಬಲಕ್ಕೆ ಆಕ್ಸಿಲರೇಟರ್. ಆದರೆ ಅದು ಸಿರಿವಂತರ ಕಾರು, ಅಂಥ ಕಾರಿನಿಂದ ರೂಢಿ ಹುಟ್ಟುವುದಿಲ್ಲ. ರೂಢಿ ಹುಟ್ಟಿಸಿದ್ದು 1922ರಲ್ಲಿ ಬಂದ ಇಂಗ್ಲೆಂಡಿನ ಆಸ್ಟಿನ್ ಸೆವೆನ್ ಎಂಬ ಪುಟ್ಟ ಅಗ್ಗದ ಕಾರು. ಪರವಾನಗಿ ಪಡೆದು ಅದನ್ನು ಜರ್ಮನಿಯಲ್ಲಿ ಡಿಕ್ಸಿ ಎಂಬ ಹೆಸರಿನಲ್ಲಿ ತಯಾರಿಸಿದರು (ಬಿಎಂಡಬ್ಲ್ಯು ಕಾರು ತಯಾರಿಕೆಗೆ ಇಳಿದದ್ದೇ ಆ ಡಿಕ್ಸಿಯನ್ನು ಕೊಂಡು). ಫ್ರಾನ್ಸ್, ಅಮೆರಿಕಗಳಲ್ಲೂ ಅದು ತಯಾರಾಯಿತು. ಕಾರಿನ ಜೊತೆಗೇ ಅದರ ಕಾಲಡಿಯ ಕ್ರಮವೂ ಊರೂರು ಸುತ್ತಿತು. 1927ರ ಕೊನೆಯಲ್ಲಿ ಫೋರ್ಡ್ ಕೂಡ ಮಣಿದು, ಮಾಡೆಲ್ ಎ ಕಾರಿನಲ್ಲಿ ಎಲ್ಲರ ಹಾಗೆ ಪೆಡಲ್ ಜೋಡಿಸಿದ. ಒಂದೂವರೆ ಕೋಟಿ ಕಾರು ಮಾರಿದವನೇ ತನ್ನ ಕ್ರಮ ಬಿಟ್ಟುಕೊಟ್ಟ ಎಂದರೆ, ಅಷ್ಟರಲ್ಲಿ ಕಾರು ಬಿಟ್ಟು ಕಾರು ಹತ್ತುವವರ ಸಂಖ್ಯೆ ಬೆಳೆದಿತ್ತೆಂದು ನನ್ನ ಊಹೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು, ಬಾಡಿಗೆಗೆ ಓಡಿಸುವವರು, ರಿಪೇರಿಗೆ ಬಂದ ಗಾಡಿಯನ್ನು ಒಂದು ಸುತ್ತು ಹೊಡೆಸಿ ನೋಡುವ ಮೆಕ್ಯಾನಿಕ್ಕುಗಳು, ಇವರಿಗೆ ಪ್ರತಿ ಕಾರಿಗೂ ಹೊಸ ಕಾಲು ಬೆಳೆಸಿಕೊಳ್ಳಲು ಆಗುವುದಿಲ್ಲವಲ್ಲ.

ಇದಕ್ಕೊಂದು ಆಕ್ಷೇಪ ಎದ್ದೇ ಏಳುತ್ತದೆ. ಒಳ್ಳೆಯ ಕ್ರಮವಾದ್ದರಿಂದಲೇ ಅದು ಗೆದ್ದಿತು, ಮನುಷ್ಯನ ಮೈಗೆ ಒಗ್ಗುವಂಥದ್ದು ಅದೊಂದೇ, ಹಾಗಿದ್ದಮೇಲೆ ಬರೀ ರೂಢಿ ಎನ್ನುವುದೇಕೆ? ಆಕ್ಷೇಪದಲ್ಲಿ ಅರ್ಧ ನಿಜವಿದೆ. ಎರಡು ವಿಷಯಗಳನ್ನು ಇಲ್ಲಿ ಬೇರೆ ಮಾಡಬೇಕು. ಯಾವ ಪೆಡಲ್ ಯಾವುದರ ಪಕ್ಕ ಇರಬೇಕೆನ್ನುವುದು ಬರೀ ರೂಢಿ. ಹಳೆಯ ಬೆಂಟ್ಲಿ ಕಾರುಗಳಲ್ಲಿ ಆಕ್ಸಿಲರೇಟರ್ ನಡುವೆ ಇತ್ತು, ಬ್ರೇಕ್ ಬಲಕ್ಕಿತ್ತು. ಅಷ್ಟೇಕೆ, 1954ರಲ್ಲಿ ರೇಸಿಗೆ ಇಳಿದ ಮಸೆರಾಟಿ 250ಎಫ್ ಕಾರಿನಲ್ಲೂ ಹಾಗೇ ಇತ್ತು. ಅದನ್ನು ಓಡಿಸಿ ರೇಸ್ ಚಾಲಕ ಫ್ಯಾಂಜಿಯೊ 1957ರಲ್ಲಿ ವಿಶ್ವ ಚಾಂಪಿಯನ್ ಆದ. ಅವನ ಮೈಗೆ ಒಗ್ಗಿದ್ದು ಉಳಿದವರಿಗೆ ಒಗ್ಗುವುದಿಲ್ಲ ಎನ್ನಲು ಯಾವ ಆಧಾರವೂ ಇಲ್ಲ. ಆದರೆ ಬ್ರೇಕು, ಆಕ್ಸಿಲರೇಟರ್ ಎರಡೂ ಒಂದೇ ಕಾಲಿಗೆ ಸೇರಿರಬೇಕು ಎನ್ನುವುದರ ಹಿಂದೆ ಗಟ್ಟಿ ಕಾರಣವಿದೆ. ಮಾಡೆಲ್ ಟಿ ಚಾಲಕನ ಮೂರನೆಯ ಕೆಲಸವನ್ನು ನೆನಪಿಸಿಕೊಳ್ಳಿ. ಒಂದೇ ಕಾಲಿಗೆ ಎರಡನ್ನೂ ಕಟ್ಟಿದರೆ ಆ ಕೆಲಸವೇ ಉಳಿಯುವುದಿಲ್ಲ, ಬ್ರೇಕಿಗೆ ಹೋದ ಕಾಲು ಆಕ್ಸಿಲರೇಟರನ್ನು ಬಿಟ್ಟೇ ಹೋಗಿರುತ್ತದೆ. ಬೆಂಟ್ಲಿಯಲ್ಲೂ ಮಸೆರಾಟಿಯಲ್ಲೂ ಎರಡಕ್ಕೂ ಬಲಗಾಲೇ ಇತ್ತು. ಅಂದರೆ ಸಾಲು ಹೇಗಿದ್ದರೂ ನಡೆಯುತ್ತದೆ, ಎಲ್ಲ ಕಾರಿನಲ್ಲೂ ಒಂದೇ ಆಗಿದ್ದರಾಯಿತು. ಒಂದೇ ಕಾಲು ಎನ್ನುವುದನ್ನು ಮಾತ್ರ ಬದಲಿಸುವಂತಿಲ್ಲ. ವಿಶ್ವಸಂಸ್ಥೆಯ ವಾಹನ ನಿಯಮಾವಳಿಯಲ್ಲಿ 35ನೇ ನಿಯಮ ಪೂರ್ತಿಯಾಗಿ ಕಾಲಿನ ಪೆಡಲ್‌ಗಳ ಜೋಡಣೆಗೇ ಮೀಸಲಾಗಿದೆ. ತಾನಾಗಿ ಬರುವಂಥದ್ದಾಗಿದ್ದರೆ ಅದನ್ನು ಬರೆದಿಡುವ ಅಗತ್ಯವೇ ಬೀಳುತ್ತಿರಲಿಲ್ಲ.

ಈ ಒಪ್ಪಂದದ ಬೆಲೆ ಚೆನ್ನಾಗಿ ಗೊತ್ತಿರುವುದು ಊರು ಬಿಟ್ಟು ಹೋದ ಚಾಲಕರಿಗೆ. ಮಂಗಳೂರಿನಲ್ಲಿ ಕಲಿತವನು ದುಬೈಗೆ ಹೋದರೆ ಸೀಟು ಎಡಕ್ಕೆ ಸರಿಯುತ್ತದೆ, ಗೇರು ಬಲಗೈಗೆ ಬರುತ್ತದೆ, ರಸ್ತೆಯ ಬದಿಯೇ ಬದಲಾಗುತ್ತದೆ. ಕನ್ನಡಿಯಲ್ಲಿ ನೋಡಿದಂತೆ ಎಲ್ಲವೂ ತಿರುಗಿರುತ್ತದೆ. ತಿರುಗದೆ ಉಳಿಯುವುದು ಕಾಲಡಿಯ ಎ, ಬಿ, ಸಿ ಮಾತ್ರ. ನಮ್ಮಲ್ಲಿಯೂ ಕಾಲಿನ ಕೆಲಸ ಒಂದೇ ಸಮನೆ ಇರಲಿಲ್ಲ. ಅಂಬಾಸಿಡರ್ ಕಾರಿನಲ್ಲಿ ಗೇರು ಬಹುಕಾಲ ಸ್ಟೀರಿಂಗಿನ ಪಕ್ಕದಲ್ಲಿತ್ತು. ಡಿಪ್ಪರ್ ಸ್ವಿಚ್ಚು ಮಾತ್ರ ನೆಲದಲ್ಲಿ ಕ್ಲಚ್ಚಿನ ಆಚೆ ಇತ್ತು. ರಾತ್ರಿ ಎದುರಿಗೆ ಲಾರಿ ಬಂದರೆ ಎಡಗಾಲು ಅದನ್ನು ತಡಕಿ ಒತ್ತಿ ಮತ್ತೆ ಕ್ಲಚ್ಚಿಗೆ ಮರಳಬೇಕಿತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಡ್ರೈವಿಂಗ್ ಸ್ಕೂಲಿನ ಕಾರಿಗೆ ಎರಡು ಕಡೆಯ ನಿಯಂತ್ರಣ ಇರಲೇಬೇಕು ಎಂದವು. ಮೇಷ್ಟ್ರ ಕಾಲಡಿಯ ಆ ಇನ್ನೊಂದು ಬ್ರೇಕು, ಕಲಿಯುವವರ ಕಾಲನ್ನು ಮೊದಲ ದಿನವೇ ನಂಬಲಾಗದು ಎಂದು ಕಾನೂನು ಒಪ್ಪಿಕೊಂಡದ್ದರ ಗುರುತು.

ಈಗ ಆ ಮೇಷ್ಟ್ರುಗಳ ಮಾತುಗಳಿಗೆ ಬರೋಣ. ಲಾರಿ ಹೊಡೆಯುವ ಹಳಬರು ಡಬಲ್ ಕ್ಲಚ್ ಎನ್ನುತ್ತಿದ್ದರು. ಒಮ್ಮೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಬಿಟ್ಟು, ಮತ್ತೆ ಒತ್ತಿ ಗೇರ್ ಹಾಕುವುದು. ಇಲ್ಲದಿದ್ದರೆ ಹಲ್ಲುಚಕ್ರಗಳು ಕಟಕಟ ಕಡಿಯುತ್ತಿದ್ದವು. 1928ರಲ್ಲಿ ಕ್ಯಾಡಿಲಾಕ್ ತಂದ, ಹಲ್ಲುಚಕ್ರಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ರೊಮೆಶ್ ಎಲ್ಲ ಕಾರುಗಳಿಗೂ ಹಬ್ಬಿದ ಮೇಲೆ ಕಾರಿನ ಮಟ್ಟಿಗೆ ಆ ವಿದ್ಯೆ ಮುಗಿಯಿತು. ‘ಜಾರುವ ರಸ್ತೆಯಲ್ಲಿ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತು’ ಎಂಬ ಮಾತೂ ಅಂಥದ್ದೇ. ಚಕ್ರ ಬಿಗಿದುಕೊಂಡು ಗಾಡಿ ಜಾರದಿರಲೆಂದು ಹೇಳುತ್ತಿದ್ದ ಮಾತು ಅದು. 1978ರಲ್ಲಿ ಬಾಷ್ ಕಂಪನಿಯ ಎಬಿಎಸ್ ಬಂದಾಗಿನಿಂದ ಆ ಕೆಲಸವನ್ನು ಯಂತ್ರ ಸೆಕೆಂಡಿಗೆ ಹಲವು ಸಲ ತಾನೇ ಮಾಡುತ್ತದೆ. ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯ. ಅಂಥ ಕಾರಿನಲ್ಲಿ ಬಲವಾಗಿ ಒತ್ತಿ ಹಿಡಿದೇ ಇರಬೇಕು. ಪೆಡಲ್ ಕಾಲಡಿ ಗಡಗಡ ನಡುಗಿದರೆ ಹೆದರಿ ಕಾಲು ತೆಗೆಯಬಾರದು, ಹಳೆಯ ಪಾಠ ಪಾಲಿಸಿದವನೇ ಇಲ್ಲಿ ತಪ್ಪು ಮಾಡುತ್ತಾನೆ. ಆದರೆ ‘ಘಟ್ಟ ಹತ್ತಿದ ಗೇರಿನಲ್ಲೇ ಇಳಿ’ ಎಂಬ ಮಾತು ಮಾತ್ರ ಸವೆದಿಲ್ಲ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ನ್ಯೂಟ್ರಲ್‌ನಲ್ಲಿ ಇಳಿದರೆ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಬೆರ್ಥಾ ಬೆಂಜ್‌ಗೆ ಇಳಿಜಾರಿನಲ್ಲಿ ಎದುರಾದದ್ದೂ ಇದೇ ಬಗೆಯ ತೊಂದರೆ. ಪೆಟ್ರೋಲ್ ಉಳಿಯುತ್ತದೆ ಎನ್ನುವ ನೆಪವೂ ಈಗ ನಿಲ್ಲುವುದಿಲ್ಲ. ಇಂಜೆಕ್ಷನ್ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇಂಧನ ನಿಂತೇಹೋಗುತ್ತದೆ, ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಉರಿಯಲು ಸ್ವಲ್ಪವಾದರೂ ಬೇಕು. ಎಂಜಿನ್ನನ್ನೇ ಆಫ್ ಮಾಡಿ ಇಳಿಯುವವರಿಗೆ ಒಂದೆರಡು ಸಲ ಒತ್ತಿದ ಮೇಲೆ ಬ್ರೇಕು ಕಲ್ಲಿನಂತೆ ಗಟ್ಟಿಯಾಗುತ್ತದೆ, ಒತ್ತಲು ನೆರವಾಗುವ ಸರ್ವೋಗೆ ಶಕ್ತಿ ಬರುವುದು ಎಂಜಿನ್ನಿನಿಂದಲೇ. ನಿಲ್ಲಿಸುವಾಗ ಮೊದಲು ಬ್ರೇಕ್, ಕೊನೆಗೆ ಕ್ಲಚ್ ಎಂಬುದಕ್ಕೆ ಕಾರಣ, ಗೇರಿನಲ್ಲಿರುವಾಗ ಎಂಜಿನ್ ಕೂಡ ಗಾಡಿಯನ್ನು ತಡೆಯುತ್ತದೆ ಎನ್ನುವುದು. ಹೊಸಬರು ಗಾಡಿ ಆಫ್ ಆದೀತೆಂಬ ಹೆದರಿಕೆಗೆ ಮೊದಲೇ ಕ್ಲಚ್ ತುಳಿದು ಎಂಜಿನ್ನಿನ ತಡೆಯನ್ನು ಕಳೆದುಕೊಳ್ಳುತ್ತಾರೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಗಾಡಿ ಸುಮಾರು 17 ಮೀಟರ್ ಹೋಗುತ್ತದೆ. ಕಾಲು ಬ್ರೇಕಿಗೆ ತಲುಪುವ ಮೊದಲೇ ಅಷ್ಟು ರಸ್ತೆ ಕರಗಿರುತ್ತದೆ.

ಕಾಲಿನ ತಪ್ಪು ಎಂಥದ್ದೆಂದು ಜಗತ್ತು ಗಂಭೀರವಾಗಿ ನೋಡಿದ್ದು 1980ರ ದಶಕದಲ್ಲಿ. ಅಮೆರಿಕದಲ್ಲಿ ಆಡಿ 5000 ಎಂಬ ಆಟೋಮ್ಯಾಟಿಕ್ ಕಾರು ತಾನಾಗಿ ನುಗ್ಗುತ್ತದೆ, ಬ್ರೇಕ್ ಒತ್ತಿದರೂ ನಿಲ್ಲುವುದಿಲ್ಲ ಎಂದು ದೂರುಗಳು ಬಂದವು, ಟೀವಿಯಲ್ಲಿ ದೊಡ್ಡ ಸುದ್ದಿಯಾಯಿತು. 1989ರಲ್ಲಿ ಅಲ್ಲಿನ ಹೆದ್ದಾರಿ ಸುರಕ್ಷತಾ ಆಡಳಿತದ ವರದಿ ಬಂತು. ಇಂಥ ಪ್ರಕರಣಗಳಲ್ಲಿ ಹೆಚ್ಚಿನವು ಚಾಲಕ ಬ್ರೇಕೆಂದುಕೊಂಡು ಆಕ್ಸಿಲರೇಟರ್ ಒತ್ತಿದ್ದರಿಂದ ಆದವು ಎಂದು ಅದು ಹೇಳಿತು. ಚಾಲಕರು ಸುಳ್ಳು ಹೇಳಿದ್ದರು ಎಂದು ಇದರ ಅರ್ಥವಲ್ಲ. ಬ್ರೇಕ್ ಒತ್ತುತ್ತಿದ್ದೇನೆ ಎಂದು ಅವರು ನಿಜವಾಗಿ ನಂಬಿದ್ದರು. ಕಾಲಿಗೆ ಕಣ್ಣಿಲ್ಲ. ಗಾಡಿ ನಿಲ್ಲದಿದ್ದಾಗ ಅದು ಒತ್ತಿದ್ದನ್ನೇ ಇನ್ನಷ್ಟು ಒತ್ತುತ್ತದೆ, ತಪ್ಪು ಪೆಡಲ್ ಮೇಲಿದ್ದರೆ ಜಾಗ್ರತೆಯೇ ಅಪಾಯವಾಗುತ್ತದೆ. ಬ್ರೇಕ್ ಒತ್ತದೆ ಗೇರ್ ಕೋಲು ಪಾರ್ಕಿಂಗ್ ಬಿಟ್ಟು ಕದಲದಂತೆ ಬೀಗ ಬಂದದ್ದು ಈ ಗದ್ದಲದ ಫಲ. 2009ರಲ್ಲಿ ಟೊಯೊಟಾ ಕಾರುಗಳದ್ದೂ ಇಂಥದೇ ಗದ್ದಲವಾಯಿತು, ಅಲ್ಲಿ ನೆಲದ ಮ್ಯಾಟು ಮುಂದಕ್ಕೆ ಸರಿದು ಆಕ್ಸಿಲರೇಟರನ್ನು ಹಿಡಿದಿಟ್ಟದ್ದೂ ಒಂದು ಕಾರಣವೆಂದು ಗೊತ್ತಾಯಿತು. ನಮ್ಮಲ್ಲಿ ಕಂಪನಿಯ ಮ್ಯಾಟಿನ ಮೇಲೆ ಇನ್ನೊಂದು ದಪ್ಪ ಮ್ಯಾಟು ಹಾಸುವವರು, ನೀರಿನ ಬಾಟಲಿಯನ್ನು ಸೀಟಿನ ಕೆಳಗೆ ಉರುಳಲು ಬಿಡುವವರು, ಹವಾಯಿ ಚಪ್ಪಲಿಯಲ್ಲಿ ಓಡಿಸುವವರು ಕೇಳಬೇಕಾದ ಕಥೆ ಇದು. ಬಲಗಾಲಿನ ಹಿಮ್ಮಡಿಯನ್ನು ಬ್ರೇಕಿನ ನೇರಕ್ಕೆ ನೆಲದಲ್ಲಿ ಊರಿ, ಮುಂಗಾಲನ್ನಷ್ಟೇ ಆಕ್ಸಿಲರೇಟರಿಗೆ ಹೊರಳಿಸಬೇಕು ಎಂಬ ಪಾಠವೂ ಇಲ್ಲಿಗೇ ಸೇರುತ್ತದೆ. ಊರಿದ ಹಿಮ್ಮಡಿ ಕಾಲಿಗೆ ತಾನೆಲ್ಲಿದ್ದೇನೆ ಎಂದು ತಿಳಿಸುತ್ತದೆ. ರಿವರ್ಸ್ ತೆಗೆಯುವಾಗ ಮೈ ತಿರುಚಿ ಹಿಂದೆ ನೋಡಿದರೆ ಆ ಹಿಮ್ಮಡಿ ಕದಲುತ್ತದೆ, ಪಾರ್ಕಿಂಗ್ ಜಾಗದಲ್ಲಿ ಗೋಡೆಗೆ ನುಗ್ಗಿದ ಕಾರುಗಳ ಸುದ್ದಿ ಬಂದಾಗ ನನಗೆ ಮೊದಲು ನೆನಪಾಗುವುದು ಇದು.

ಹಾಗಾದರೆ ಎರಡೇ ಪೆಡಲ್ ಇರುವ ಆಟೋಮ್ಯಾಟಿಕ್ ಕಾರಿನಲ್ಲಿ ಬ್ರೇಕನ್ನು ಎಡಗಾಲಿಗೇ ಕೊಟ್ಟರೇನು, ಗೊಂದಲವೇ ಇರುವುದಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಕಾಲು ಸರಿಸುವ ಸಮಯವೂ ಉಳಿಯುತ್ತದೆ, ರೇಸಿನವರು ಹಾಗೇ ಮಾಡುತ್ತಾರೆ ಎಂಬುದೂ ನಿಜ. ಆದರೆ ಗೇರ್ ಗಾಡಿಯಲ್ಲಿ ಪಳಗಿದ ಎಡಗಾಲು ಕಲಿತಿರುವುದು ನೆಲ ಮುಟ್ಟುವವರೆಗೆ ತುಳಿಯುವುದನ್ನು, ಬ್ರೇಕಿಗೆ ಬೇಕಾದ ಹದ ಅದಕ್ಕೆ ಗೊತ್ತಿಲ್ಲ. ಗಾಬರಿಯಲ್ಲಿ ಎರಡೂ ಕಾಲು ಒಟ್ಟಿಗೆ ಗಟ್ಟಿಯಾದರೆ ಎರಡು ದೋಣಿಯಲ್ಲಿ ಕಾಲಿಟ್ಟಂತಾಗುತ್ತದೆ. ದಿನವೂ ಅಭ್ಯಾಸ ಮಾಡುವ ರೇಸಿನವನಿಗೆ ಹೊಂದುವುದು, ವಾರಕ್ಕೊಮ್ಮೆ ಅಳಿಯನ ಗೇರ್ ಗಾಡಿಯನ್ನೂ ಓಡಿಸಬೇಕಾದವರಿಗೆ ಹೊಂದುವುದಿಲ್ಲ.

ಯಂತ್ರವೇ ಎಲ್ಲವನ್ನೂ ನೋಡಿಕೊಳ್ಳುವ ಕಾಲ ಬರುತ್ತಿದೆ, ಈ ಪಾಠಗಳು ಇನ್ನೆಷ್ಟು ದಿನ ಎನ್ನುವ ಮಾತೂ ಇದೆ. ಹೌದು, 2001ರಲ್ಲಿ ಬೆಂಗಳೂರಿನ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಕ್ಲಚ್ ಇಲ್ಲದೆ ಬೀದಿಗೆ ಬಂತು. 2014ರಲ್ಲಿ ಮಾರುತಿ ಸೆಲೆರಿಯೊ ಅಗ್ಗದ ಆಟೋಮ್ಯಾಟಿಕ್ ತಂದ ಮೇಲೆ ಟ್ರಾಫಿಕ್ಕಿನಲ್ಲಿ ಹಾಫ್ ಕ್ಲಚ್ ಹಿಡಿದು ಮೊಣಕಾಲು ನೋಯಿಸಿಕೊಂಡವರು ಅತ್ತ ಹೊರಳತೊಡಗಿದರು. ಈಗಿನ ಕೆಲವು ವಿದ್ಯುತ್ ಕಾರುಗಳಲ್ಲಿ ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಸಾಕು, ಗಾಡಿ ತಾನೇ ನಿಲ್ಲುವಷ್ಟು ನಿಧಾನವಾಗುತ್ತದೆ. ಆದರೆ ಪೆಡಲ್ ಕಡಿಮೆಯಾದಂತೆ ಗೊಂದಲ ಕಡಿಮೆಯಾಗಲಿಲ್ಲ ಎನ್ನುವುದಕ್ಕೆ ಜಪಾನ್ ಸಾಕ್ಷಿ. ಆಟೋಮ್ಯಾಟಿಕ್ ಕಾರುಗಳೇ ತುಂಬಿರುವ ಆ ದೇಶದಲ್ಲಿ ವಯಸ್ಸಾದವರು ಪೆಡಲ್ ತಪ್ಪಿ ಒತ್ತುವುದು ಎಷ್ಟು ದೊಡ್ಡ ಚಿಂತೆಯಾಯಿತೆಂದರೆ, ಅಂಥ ಒತ್ತನ್ನು ಗುರುತಿಸಿ ತಡೆಯುವ ಸಾಧನವನ್ನು 2028ರಿಂದ ಹೊಸ ಕಾರುಗಳಿಗೆ ಕಡ್ಡಾಯ ಮಾಡಲು ಹೊರಟಿದ್ದಾರೆ. ಅಲ್ಲಿ ಆಟೋಮ್ಯಾಟಿಕ್‌ಗೆಂದೇ ಬೇರೆ ಲೈಸೆನ್ಸ್ 1991ರಿಂದ ಇದೆ, ಬ್ರಿಟನ್ನಿನಲ್ಲೂ ಇದೆ. ನಮ್ಮ 1988ರ ಮೋಟಾರು ವಾಹನ ಕಾಯ್ದೆ ಗೇರ್ ಇರುವ ಬೈಕಿಗೂ ಇಲ್ಲದ ಸ್ಕೂಟರಿಗೂ ಬೇರೆ ಬೇರೆ ಲೈಸೆನ್ಸ್ ಕೇಳುತ್ತದೆ, ಕಾರಿಗೆ ಮಾತ್ರ ಆ ಭೇದ ಮಾಡಿಲ್ಲ. ಆಟೋಮ್ಯಾಟಿಕ್‌ನಲ್ಲಿ ಟೆಸ್ಟ್ ಪಾಸಾದವನು ಮರುದಿನ ಗೇರ್ ಗಾಡಿ ಹತ್ತಿದರೂ ಕಾನೂನಿಗೆ ಅಡ್ಡಿಯಿಲ್ಲ, ಗೇರ್ ಗಾಡಿಯವನು ಆಟೋಮ್ಯಾಟಿಕ್ ಹತ್ತಿದರೂ ಇಲ್ಲ. ಈ ಎರಡನೆಯವನ ಕಾರಿನಲ್ಲಿ ಕ್ಲಚ್ ಇದ್ದ ಜಾಗದಲ್ಲಿ ಈಗ ಒಂದು ಓರೆಯಾದ ತಗಡೋ ಪ್ಲಾಸ್ಟಿಕ್ಕೋ ಇರುತ್ತದೆ, ಏನೂ ಮಾಡದ, ಎಡಗಾಲು ಇಟ್ಟುಕೊಳ್ಳಲೆಂದೇ ಮಾಡಿದ ಜಾಗ. ಮೊದಲ ಕೆಲವು ವಾರ ಪ್ರತಿ ಸಿಗ್ನಲ್ ಬಂದಾಗಲೂ ಅವನ ಎಡಗಾಲು ಅಲ್ಲಿಂದ ಎದ್ದು, ಇಲ್ಲದ ಕ್ಲಚ್ಚಿಗಾಗಿ ಮುಂದಕ್ಕೆ ಚಾಚುತ್ತದೆ, ಪಕ್ಕದಲ್ಲಿ ಸಿಗುವುದು ಅಗಲವಾದ ಬ್ರೇಕ್ ಪೆಡಲ್.